ನೆಲಕ್ಕೆ ತಂತಿಯೋ, ಮರಕ್ಕೆ ತಂತಿಯೋ: ಕೊಡಗಿನ ಹ್ಯಾಮ್‌ಗಳಿಗೆ ಆರ್‌ಎಫ್ ಗ್ರೌಂಡ್ ಆಯ್ಕೆ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರಲ್ಲಿ ಹಲವರು ಯಾವ ಆಂಟೆನಾ ಅಂತ ತೀರ್ಮಾನಿಸುವ ಮೊದಲೇ ಅರ್ಥಿಂಗ್ ಗುಂಡಿ ತೆಗೆಸಲು ಹೊರಡುತ್ತಾರೆ. ಎಲೆಕ್ಟ್ರಿಷಿಯನ್ ಬರುತ್ತಾನೆ, ಎಂಟಡಿ ಗುಂಡಿ ಅನ್ನುತ್ತಾನೆ. ಇದ್ದಿಲು, ಉಪ್ಪು, ಜಿಐ ಪೈಪ್ ಅಂತ ಚೀಟಿ ಬರೆದುಕೊಡುತ್ತಾನೆ. ಮನೆಯ ಕರೆಂಟಿಗೆ ಅದು ಸರಿಯಾದ ಕೆಲಸ. ಆಂಟೆನಾಕ್ಕೆ ಮಾತ್ರ ಅದರಿಂದ ಸಿಗುವುದು ತೀರಾ ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಹೆಚ್ಚಿನವರಿಗೆ ಆರ್‌ಎಫ್ ಗ್ರೌಂಡ್, ಅಂದರೆ ರೇಡಿಯೋ ಸಿಗ್ನಲ್‌ನ ಕರೆಂಟಿಗೆ ಬೇಕಾದ ಗ್ರೌಂಡ್, ಬೇಕಾಗುವುದೇ ಇಲ್ಲ. ಎರಡು ಸಿಲ್ವರ್ ಓಕ್ ಮರ ಸಿಕ್ಕರೆ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ಅಡ್ಡ ತಂತಿಯ ಆಂಟೆನಾ) ಕಟ್ಟಿ, ಗ್ರೌಂಡಿಗೆ ಇಟ್ಟಿದ್ದ ದುಡ್ಡನ್ನು ಸಿಡಿಲಿನ ರಕ್ಷಣೆಗೆ ಹಾಕಿ. ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲಿಸುವ ಆಂಟೆನಾ, ಬೇಕೇ ಬೇಕು ಅನ್ನುವವರಿಗೆ ಮಾತ್ರ ರೇಡಿಯಲ್ (ಅದರ ಬುಡದಿಂದ ಸುತ್ತಲೂ ಹರಡುವ ತಂತಿ) ಪ್ರಶ್ನೆ ಏಳುತ್ತದೆ. ಅವರಿಗೂ ಕಾಫಿ ತೋಟದಲ್ಲಿ ನೆಲದ ಮೇಲಿನ ರೇಡಿಯಲ್‌ಗಿಂತ ಎತ್ತರಿಸಿದ ರೇಡಿಯಲ್ ವಾಸಿ. ಯಾಕೆ ಅಂತ ನೋಡೋಣ.

ಮೂರು ಕೆಲಸ, ಒಂದೇ ತಂತಿ ಅಲ್ಲ

ನೆಲಕ್ಕೆ ತಂತಿ ಇಳಿಸುವುದು ಮೂರು ಬೇರೆ ಬೇರೆ ಕಾರಣಕ್ಕೆ. ಒಂದು, ಪವರ್ ಸಪ್ಲೈ ಕೆಟ್ಟು ರೇಡಿಯೋದ ಡಬ್ಬಿಗೆ ಕರೆಂಟ್ ಬಂದರೆ ನಮಗೆ ಶಾಕ್ ಹೊಡೆಯಬಾರದು. ಎರಡು, ಸಿಡಿಲು ಬಂದರೆ ಅದು ಮನೆಯೊಳಗೆ ನುಗ್ಗದೆ ಹೊರಗಿನಿಂದಲೇ ನೆಲ ಸೇರಬೇಕು. ಮೂರು, ಕೆಲವು ಆಂಟೆನಾಗಳಿಗೆ ಅರ್ಧ ಭಾಗವೇ ಇರುವುದಿಲ್ಲ, ಆ ಇನ್ನರ್ಧದ ಕೆಲಸವನ್ನು ನೆಲವೋ ತಂತಿಗಳೋ ಮಾಡಬೇಕು. ಈ ಮೂರನೆಯದೇ ಆರ್‌ಎಫ್ ಗ್ರೌಂಡ್.

ಮೊದಲ ಕೆಲಸಕ್ಕೆ ಚೆನ್ನಾಗಿರುವ ತಂತಿ ಮೂರನೆಯದಕ್ಕೆ ಯಾಕೆ ಆಗುವುದಿಲ್ಲ? ಒಂದು ಮೀಟರ್ ನೇರ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್, ಅಂದರೆ ಏರಿಳಿಯುವ ಕರೆಂಟಿಗೆ ಅಡ್ಡಿ ಒಡ್ಡುವ ಗುಣ, ಇರುತ್ತದೆ. ಮನೆಯ 50 ಹರ್ಟ್ಜ್ ಕರೆಂಟಿಗೆ ಅದು ಮೀಟರಿಗೆ 0.0003 ಓಮ್. ಲೆಕ್ಕಕ್ಕೇ ಇಲ್ಲ. ಅದೇ ತಂತಿ 7.1 ಮೆಗಾಹರ್ಟ್ಜ್‌ನಲ್ಲಿ ಮೀಟರಿಗೆ ಸುಮಾರು 45 ಓಮ್ ಅಡ್ಡಿ ಒಡ್ಡುತ್ತದೆ. ಮೂರು ಮೀಟರ್ ಅಂದರೆ 130 ಓಮ್ ದಾಟಿತು. ಕೆಳಗೆ ಅರ್ಥಿಂಗ್ ಎಷ್ಟೇ ಚೆನ್ನಾಗಿರಲಿ, ರೇಡಿಯೋಗೆ ಅದು ಕಾಣುವುದೇ ಇಲ್ಲ.

ಮಡಿಕೇರಿ ಪೇಟೆಯ ಮೊದಲ ಮಹಡಿಯ ಕೋಣೆಯನ್ನು ನೆನೆಸಿಕೊಳ್ಳಿ. ಮೇಜಿನ ಮೇಲೆ ರೇಡಿಯೋ, ಕಿಟಕಿಯಿಂದ ಇಳಿದ ಹಸಿರು ತಂತಿ, ಗೋಡೆಗುಂಟ ಐದು ಮೀಟರ್, ಕೆಳಗೆ ತಾಮ್ರದ ರಾಡ್. 14 ಮೆಗಾಹರ್ಟ್ಜ್‌ನಲ್ಲಿ ಐದು ಮೀಟರ್ ಅಂದರೆ ಹೆಚ್ಚುಕಡಿಮೆ ಕಾಲು ತರಂಗ, ರೇಡಿಯೋ ಅಲೆಯ ಉದ್ದದ ನಾಲ್ಕನೇ ಒಂದು ಭಾಗ. ನೆಲದ ತುದಿಯಲ್ಲಿ ವೋಲ್ಟೇಜ್ ಸೊನ್ನೆ, ರೇಡಿಯೋ ತುದಿಯಲ್ಲಿ ಗರಿಷ್ಠ. ಆರ್‌ಎಫ್ ಇಳಿಸಲು ಹಾಕಿದ ತಂತಿಯೇ ರೇಡಿಯೋದ ಡಬ್ಬಿಯ ಮೇಲೆ ಆರ್‌ಎಫ್ ವೋಲ್ಟೇಜ್ ತಂದು ನಿಲ್ಲಿಸುತ್ತದೆ. ಮಾತಾಡುವಾಗ ಮೈಕ್ ತುಟಿಗೆ ತಾಗಿದರೆ ಚುರುಕ್ ಅನ್ನುತ್ತದೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಕಳಿಸುವ ಡಿಜಿಟಲ್ ಸಂದೇಶ) ಕಳಿಸುವಾಗ ಕಂಪ್ಯೂಟರಿನ ಮೌಸ್ ನಿಂತುಬಿಡುತ್ತದೆ. ಆಗ ಜನ ಇನ್ನೊಂದು ರಾಡ್ ಹೊಡೆಸುತ್ತಾರೆ. ಏನೂ ಬದಲಾಗುವುದಿಲ್ಲ. ಬೇಕಿರುವುದು ಕೋಆಕ್ಸ್ (ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಮೇಲೊಂದು ಚೋಕ್, ನೆಲದಲ್ಲಿ ಇನ್ನೊಂದು ಗುಂಡಿ ಅಲ್ಲ. ಚೋಕ್ ವಿಷಯಕ್ಕೆ ಮುಂದೆ ಬರುತ್ತೇನೆ.

ಬರೀ ರಾಡ್

ವರ್ಟಿಕಲ್ ಆಂಟೆನಾದ ಬುಡದಲ್ಲಿ ಒಂದು ರಾಡ್ ಹೊಡೆದು ಮುಗಿಸುವವರು ತುಂಬಾ ಜನ. ಕೆಲಸ ಮಾಡುತ್ತದೆ ಅಂತಲೂ ಹೇಳುತ್ತಾರೆ, ಯಾಕೆಂದರೆ ಎಸ್‌ಡಬ್ಲ್ಯುಆರ್ (ರೇಡಿಯೋಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಅನ್ನುವ ಅಳತೆ, 1:1 ಅಂದರೆ ಪೂರ್ತಿ ಹೊಂದಿಕೆ) ಚೆನ್ನಾಗಿ ಬರುತ್ತದೆ. ಮೋಸ ಇರುವುದೇ ಅಲ್ಲಿ.

ಕಾಲು ತರಂಗದ ವರ್ಟಿಕಲ್‌ನ ರೇಡಿಯೇಶನ್ ರೆಸಿಸ್ಟೆನ್ಸ್, ಅಂದರೆ ಅಲೆಯಾಗಿ ಹೊರಹೋಗುವ ಶಕ್ತಿಯ ಪಾಲನ್ನು ಓಮ್‌ನಲ್ಲಿ ಹೇಳುವ ಅಳತೆ, ಸುಮಾರು 36 ಓಮ್. ಅದಕ್ಕೆ ನೆಲದ ನಷ್ಟ ಸೇರುತ್ತದೆ. ನಷ್ಟ 14 ಓಮ್ ಇದ್ದರೆ ಒಟ್ಟು 50, ಮೀಟರ್ 1:1 ತೋರಿಸುತ್ತದೆ. ನಷ್ಟ 40 ಓಮ್ ಅಂತ ಇಟ್ಟುಕೊಳ್ಳಿ, ಒಟ್ಟು 76. ಎಸ್‌ಡಬ್ಲ್ಯುಆರ್ 1.5ರ ಆಸುಪಾಸು, ರೇಡಿಯೋಗೆ ತಕರಾರಿಲ್ಲ. ಆದರೆ ನೂರು ವಾಟ್‌ನಲ್ಲಿ ಆಕಾಶಕ್ಕೆ ಹೋಗುವುದು 47, ಉಳಿದ 53 ಮಣ್ಣಿಗೆ. ಒಳ್ಳೆಯ ರೇಡಿಯಲ್ ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ 1.4ಕ್ಕೆ ಹೋಗಿ ನಿಲ್ಲಬಹುದು, ಏಕೆಂದರೆ ಈಗ ಉಳಿದಿರುವುದು ಬರೀ 36 ಓಮ್. ಅದನ್ನು ಕಂಡು ಕೆಟ್ಟುಹೋಯಿತು ಅಂತ ರೇಡಿಯಲ್ ಕಿತ್ತವರೂ ಉಂಟು!

ನ್ಯಾಯವಾಗಿ ಹೇಳಬೇಕೆಂದರೆ, ಪೂರ್ತಿ ಉದ್ದದ ಕಾಲು ತರಂಗಕ್ಕೆ ಈ ನಷ್ಟ ಮಹಾ ದೊಡ್ಡದಲ್ಲ. 47 ವಾಟ್ ಇದ್ದದ್ದು 80 ವಾಟ್ ಆದರೆ ಏರಿಕೆ ಎರಡೂಕಾಲು ಡೆಸಿಬೆಲ್. ರಿಸೀವರಿನ ಸಿಗ್ನಲ್ ಮೀಟರಿನಲ್ಲಿ ಒಂದು ಎಸ್ ಯೂನಿಟ್ ಅಂದರೆ 6 ಡೆಸಿಬೆಲ್. ಆ ಕಡೆಯವರಿಗೆ ಮೀಟರಿನ ಮುಳ್ಳು ಸ್ವಲ್ಪ ಅಲ್ಲಾಡಿದಂತೆ ಕಾಣುತ್ತದೆ, ಅಷ್ಟೇ.

ಕತ್ತರಿ ಬೀಳುವುದು ಗಿಡ್ಡ ಆಂಟೆನಾಗಳಿಗೆ. ಕಾಯಿಲ್ ಹಾಕಿದ ವಿಪ್‌ನ (ಗಿಡ್ಡ ಕಡ್ಡಿ ಆಂಟೆನಾದ) ರೇಡಿಯೇಶನ್ ರೆಸಿಸ್ಟೆನ್ಸ್ 5 ಓಮ್ ಅಂತ ಹಿಡಿಯಿರಿ. ಅದೇ 40 ಓಮ್ ನೆಲದ ಮೇಲೆ ನೂರರಲ್ಲಿ 11 ವಾಟ್ ಮಾತ್ರ ಹೊರಗೆ ಹೋಗುತ್ತದೆ, ಕಾಯಿಲ್ ನಷ್ಟ ಲೆಕ್ಕ ಹಾಕದೆಯೇ. ನೆಲದ ನಷ್ಟ 10 ಓಮ್‌ಗೆ ಇಳಿದರೆ 33 ವಾಟ್. ಆಂಟೆನಾ ಗಿಡ್ಡ ಆದಷ್ಟೂ ನೆಲ ದುಬಾರಿ ಆಗುತ್ತದೆ. ಪೋರ್ಟಬಲ್ ವಿಪ್ ಕೊಳ್ಳುವವರು ಇದೊಂದನ್ನು ತಿಳಿದಿದ್ದರೆ ಸಾಕು.

ಹಾಗಾಗಿ ಬರೀ ರಾಡ್ ಆಯ್ಕೆಯ ಪಟ್ಟಿಯಲ್ಲೇ ಇಲ್ಲ ನನಗೆ. ಸಿಡಿಲಿಗೆ ರಾಡ್ ಬೇಕು. ಆರ್‌ಎಫ್‌ಗೆ ಅಲ್ಲ.

ನೆಲದ ಮೇಲಿನ ರೇಡಿಯಲ್

ರೇಡಿಯಲ್ ಲೆಕ್ಕ ಶುರುವಾಗುವುದು 1937ರಿಂದ. ಆರ್‌ಸಿಎ ಕಂಪನಿಯ ಜಾರ್ಜ್ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಸೇರಿ ಅಳತೆ ಮಾಡಿ ಪ್ರಕಟಿಸಿದ ಲೇಖನದ ನಂತರ ಪ್ರಸಾರ ಕೇಂದ್ರಗಳಲ್ಲಿ 120 ರೇಡಿಯಲ್ ಅನ್ನುವುದು ವಾಡಿಕೆಯಾಯಿತು. ಮೂರು ಡಿಗ್ರಿಗೊಂದು ತಂತಿ. ಅದು ಪ್ರಸಾರ ಕೇಂದ್ರದ ಗಾತ್ರ. ನಮ್ಮ ಅಂಗಳಕ್ಕೆ ಅಷ್ಟು ಬೇಡ. ಹದಿನಾರು ದಾಟಿದ ಮೇಲೆ ಹಾಕುವ ಪ್ರತಿ ತಂತಿಯ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ.

ಅಂಗಡಿಯಲ್ಲಿ ಹೌಸ್ ವೈರಿಂಗ್ ತಂತಿ 90 ಮೀಟರ್ ಕಾಯಿಲ್ ಆಗಿ ಸಿಗುತ್ತದೆ. 1 ಚದರ ಮಿಲಿಮೀಟರ್ ಸಾಕು. 40 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದ ಸುಮಾರು 40 ಮೀಟರ್, ಅಂದರೆ 7 ಮೆಗಾಹರ್ಟ್ಜ್ ಆಸುಪಾಸು) ಹತ್ತು ಮೀಟರಿನ ಒಂಬತ್ತು ತಂತಿ ಕತ್ತರಿಸುವುದೋ, ಐದೂವರೆ ಮೀಟರಿನ ಹದಿನಾರೋ? ಹದಿನಾರೇ ಸರಿ. ನಷ್ಟ ಜಾಸ್ತಿ ಇರುವುದು ಆಂಟೆನಾದ ಬುಡದ ಹತ್ತಿರ, ಅಲ್ಲಿ ತಂತಿ ದಟ್ಟವಾಗಿರಬೇಕು. ನೆಲದ ಮೇಲೆ ಬಿದ್ದ ತಂತಿಯನ್ನು ಮಣ್ಣೇ ಟ್ಯೂನ್ ತಪ್ಪಿಸುತ್ತದೆ, ಹಾಗಾಗಿ ಉದ್ದ ಕರಾರುವಾಕ್ಕಾಗಿ ಇರಬೇಕಿಲ್ಲ. ಟೇಪ್ ಹಿಡಿದು ಒದ್ದಾಡುವ ಅಗತ್ಯವೂ ಇಲ್ಲ.

ಇನ್ಸುಲೇಶನ್ ಸುಲಿಯಬೇಡಿ. ನಮ್ಮ ಮಣ್ಣು ಹುಳಿ ಮಣ್ಣು. ಬರೀ ಅಲ್ಯೂಮಿನಿಯಂ, ಜಿಐ ತಂತಿ ಅದರಲ್ಲಿ ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಾಮ್ರ ವರ್ಷಗಟ್ಟಲೆ ಇರುತ್ತದೆ. ಆರ್‌ಎಫ್‌ಗೆ ಹೊದಿಕೆಯಿಂದ ತೊಂದರೆ ಏನೂ ಇಲ್ಲ.

ಹೂಳುವುದೂ ಬೇಡ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಕಾಲುವೆ ತೋಡಿದರೆ ಜುಲೈ ಮಳೆಯಲ್ಲಿ ಅದೇ ನೀರಿನ ದಾರಿ ಆಗುತ್ತದೆ. 2018ರ ಆಗಸ್ಟ್‌ನ ಗುಡ್ಡಕುಸಿತ ನೋಡಿದವರಿಗೆ ಇಳಿಜಾರಿನ ಮಣ್ಣು ಕೆದಕಬೇಡಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜಿಐ ತಂತಿಯನ್ನು ಯು ಆಕಾರದಲ್ಲಿ ಬಗ್ಗಿಸಿ ಮೊಳೆಯ ಹಾಗೆ ಚುಚ್ಚಿ ಹಿಡಿಸಿದರೆ ಮುಗಿಯಿತು. ಅಂಗಳದ ಹುಲ್ಲಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಂತಿ ಮುಚ್ಚಿಹೋಗಿರುತ್ತದೆ.

ತೋಟದೊಳಗೆ ಮಾತ್ರ ಇದು ಬಾಳುವುದಿಲ್ಲ. ಕಳೆ ಹೊಡೆಯುವ ಮಿಷನ್ ಬಂದರೆ ತಂತಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ತಂತಿಯೂ ಹೋಯಿತು, ಮಿಷನ್ ಹಿಡಿದವನ ಕಾಲಿಗೂ ಅಪಾಯ. ಗಿಡ ನೆಡಲು ಗುಂಡಿ ತೆಗೆಯುವವರು, ಗೊಬ್ಬರಕ್ಕೆ ಬುಡ ಬಿಡಿಸುವವರು, ರಾತ್ರಿ ಬಂದು ಉಳುವ ಕಾಡುಹಂದಿ, ಎಲ್ಲರೂ ಒಂದೊಂದು ರೇಡಿಯಲ್ ತೆಗೆಯುತ್ತಾರೆ. ಮೇಲೆ ಎಲೆ ಹಾಸು ಬಿದ್ದಿರುವುದರಿಂದ ಎಲ್ಲಿ ತುಂಡಾಯಿತು ಅಂತ ಹುಡುಕುವುದೂ ಕಷ್ಟ.

ಎತ್ತರಿಸಿದ ರೇಡಿಯಲ್

ತೋಟದವರಿಗೆ ಇದೇ ಸರಿ. ಆಂಟೆನಾದ ಬುಡವನ್ನೇ ಮೇಲೆ ಎತ್ತಿ, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ತಂತಿ ಗಾಳಿಯಲ್ಲಿ ಎಳೆಯುವುದು. ಅಮೆರಿಕದ ಹ್ಯಾಮ್ ರೂಡಿ ಸೆವರ್ನ್ಸ್, ಕಾಲ್‌ಸೈನ್ ಎನ್6ಎಲ್‌ಎಫ್, ಇದನ್ನು ಹೊಲದಲ್ಲಿ ಕಟ್ಟಿ ಅಳೆದು ತೋರಿಸಿದ್ದಾರೆ. ನಾಲ್ಕಡಿ ಎತ್ತರದ ನಾಲ್ಕೇ ರೇಡಿಯಲ್, ನೆಲದ ಮೇಲಿನ 64 ರೇಡಿಯಲ್‌ಗೆ ಹೆಚ್ಚುಕಡಿಮೆ ಸಮ ಬಂತು. ಆ ನಾಲ್ಕಕ್ಕೆ ಬೇಕಾಗುವುದು ಅರ್ಧ ಕಾಯಿಲ್ ತಂತಿಗೂ ಕಡಿಮೆ.

ಇಲ್ಲಿ ಉದ್ದ ಮುಖ್ಯ. 7.1 ಮೆಗಾಹರ್ಟ್ಜ್‌ಗೆ ಒಂದೊಂದು ಸುಮಾರು ಹತ್ತು ಮೀಟರ್, ಪ್ಲಾಸ್ಟಿಕ್ ಹೊದಿಕೆ ಇದ್ದರೆ ಸ್ವಲ್ಪ ಕಡಿಮೆ. ನಾಲ್ಕೂ ಒಂದೇ ಉದ್ದ, ಒಂದೇ ಎತ್ತರ. ಇಳಿಜಾರಿನಲ್ಲಿ ಎತ್ತರ ಒಂದೇ ಇಡುವುದು ಕಷ್ಟ, ಆದಷ್ಟು ನೋಡಿ. ಇನ್ನೊಂದು ಬ್ಯಾಂಡ್ ಬೇಕಾದರೆ ಆ ಬ್ಯಾಂಡಿಗೆ ಬೇರೆ ತಂತಿಗಳು. ನೆಲದ ರೇಡಿಯಲ್ ಎಲ್ಲಾ ಬ್ಯಾಂಡಿಗೂ ಹೇಗೋ ಒಗ್ಗುತ್ತದೆ, ಇದು ಒಗ್ಗುವುದಿಲ್ಲ. ಇವುಗಳ ನಡುವೆ ನಿಜವಾದ ವ್ಯತ್ಯಾಸ ಅಂದರೆ ಇದೇ.

ನಾಲ್ಕಡಿ ಅಮೆರಿಕದ ಹೊಲಕ್ಕಾಯಿತು. ನಮ್ಮಲ್ಲಿ ಅರೇಬಿಕಾ ಗಿಡವೇ ಅಷ್ಟು ಎತ್ತರ ಇರುತ್ತದೆ, ರೊಬಸ್ಟಾ ಇನ್ನೂ ಮೇಲೆ. ತಂತಿ ಒದ್ದೆ ಎಲೆಗೆ ತಾಗಬಾರದು. ರೇಡಿಯಲ್ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಕೈ ತಾಗಿದರೆ ಸುಡುತ್ತದೆ. ಮೂರು ಮೀಟರಿಗಿಂತ ಮೇಲೆ ಕಟ್ಟಿ. ಆನೆ ಓಡಾಡುವ ಜಾಗ ಆದರೆ ಇನ್ನೂ ಮೇಲೆ. ತುದಿಯನ್ನು ಸಿಲ್ವರ್ ಮರಕ್ಕೆ ನೈಲಾನ್ ಹಗ್ಗದಲ್ಲಿ ಕಟ್ಟಿದರೆ ಗಾಳಿಗೆ ಮರ ತೂಗಿದಾಗ ತಂತಿ ಹರಿಯುತ್ತದೆ. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಒಂದು ಕಲ್ಲೋ ನೀರು ತುಂಬಿದ ಕ್ಯಾನೋ ತೂಗುಬಿಡಿ. ಜೂನ್ ಗಾಳಿಯಲ್ಲಿ ಕ್ಯಾನ್ ಮೇಲೆ ಕೆಳಗೆ ಆಡುತ್ತಾ ಇರುತ್ತದೆ, ತಂತಿ ಮಾತ್ರ ಹಾಗೇ ಇರುತ್ತದೆ.

ಒಂದು ಎಚ್ಚರಿಕೆ. ಕಾಳುಮೆಣಸು ಕೊಯ್ಯಲು ಬರುವವರು ಅಲ್ಯೂಮಿನಿಯಂ ಏಣಿ ಹೊತ್ತು ತೋಟದಲ್ಲಿ ತಿರುಗುತ್ತಾರೆ. ಮರಗಸಿ ಮಾಡುವವರು ಮೇಲಿಂದ ಕೊಂಬೆ ಬೀಳಿಸುತ್ತಾರೆ. ಯಾವ ಮರದಲ್ಲಿ ತಂತಿ ಇದೆ ಅಂತ ಮೇಸ್ತ್ರಿಗೆ ಮೊದಲೇ ತೋರಿಸಿಡಿ, ಆ ದಿನಗಳಲ್ಲಿ ಟ್ರಾನ್ಸ್‌ಮಿಟ್ ಮಾಡಬೇಡಿ. ಕರೆಂಟ್ ಲೈನಿನ ಮೇಲೆ, ಕೆಳಗೆ, ಪಕ್ಕ ಎಲ್ಲೂ ಆಂಟೆನಾ ತಂತಿ ಹೋಗಬಾರದು. ಇದರಲ್ಲಿ ರಾಜಿ ಇಲ್ಲ.

ಗ್ರೌಂಡೇ ಬೇಡದ ಆಂಟೆನಾಗಳು

ಡೈಪೋಲ್‌ಗೆ ಎರಡೂ ಅರ್ಧ ಅದರಲ್ಲೇ ಇದೆ. 40 ಮೀಟರ್ ಬ್ಯಾಂಡಿಗೆ ತುದಿಯಿಂದ ತುದಿಗೆ 20 ಮೀಟರ್, ನಡುವೆ ಕೋಆಕ್ಸ್. ನೆಲಕ್ಕೂ ಅದಕ್ಕೂ ತಂತಿಯ ಸಂಬಂಧ ಇಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಲಾಭ ಇದೆ. ಆರರಿಂದ ಹತ್ತು ಮೀಟರ್ ಎತ್ತರದ ಡೈಪೋಲ್ ಶಕ್ತಿಯ ಹೆಚ್ಚಿನ ಪಾಲನ್ನು ಮೇಲಕ್ಕೆ ಕಳಿಸುತ್ತದೆ, ಅದು ಅಯಾನುಗೋಳಕ್ಕೆ ಬಡಿದು ಸುತ್ತಲಿನ ನೂರಾರು ಕಿಲೋಮೀಟರ್ ಜಾಗಕ್ಕೆ ಇಳಿಯುತ್ತದೆ. ನಡುವೆ ಪುಷ್ಪಗಿರಿ ಇರಲಿ, ಬ್ರಹ್ಮಗಿರಿ ಇರಲಿ, ಅಡ್ಡಿ ಆಗುವುದಿಲ್ಲ. ಹಗಲಲ್ಲಿ 40 ಮೀಟರ್‌ನಲ್ಲಿ ಮೈಸೂರು, ಬೆಂಗಳೂರು, ಮಂಗಳೂರು ಎಲ್ಲಾ ಸಿಗುತ್ತವೆ. ರಾತ್ರಿ ಹತ್ತಿರದವರು ಮಾಯವಾದರೆ 80 ಮೀಟರ್‌ಗೆ ಇಳಿಯಬೇಕು. ವರ್ಟಿಕಲ್ ಇದಕ್ಕೆ ವಿರುದ್ಧ. ಅದು ನೇರ ಮೇಲಕ್ಕೆ ಏನೂ ಕಳಿಸುವುದಿಲ್ಲ, ಎಲ್ಲಾ ದಿಗಂತದ ಕಡೆಗೆ. ನಾಪೋಕ್ಲು ಕಡೆಯ ಕಣಿವೆಯಲ್ಲಿ ಕೂತು ದಿಗಂತದ ಕಡೆ ಸಿಗ್ನಲ್ ಬಿಟ್ಟರೆ ಮೊದಲು ಸಿಗುವುದು ಎದುರಿನ ಬೆಟ್ಟ.

ತುರ್ತು ಸಮಯಕ್ಕೂ ಡೈಪೋಲ್‌ಗೇ ನನ್ನ ಓಟು. ಗುಡ್ಡ ಕುಸಿದು ರಸ್ತೆ, ಕರೆಂಟ್, ಮೊಬೈಲ್ ಎಲ್ಲಾ ಹೋದಾಗ ಗುಂಡಿ ತೋಡಿ ರೇಡಿಯಲ್ ಹಾಸುವವರು ಯಾರು? ಒಂದು ಬ್ಯಾಟರಿ, ಎರಡು ಹಗ್ಗ, ಸುತ್ತಿಟ್ಟ ಡೈಪೋಲ್ ಇದ್ದರೆ ಸಾಕು. ತೀರಾ ಕೆಳಗೆ ಮಾತ್ರ ಕಟ್ಟಬೇಡಿ. ಆಳೆತ್ತರದಲ್ಲಿ ಕಟ್ಟಿದ ತಂತಿಯ ಶಕ್ತಿ ಬಹಳಷ್ಟು ಮಣ್ಣಿಗೇ ಹೋಗುತ್ತದೆ.

ಎಂಡ್ ಫೆಡ್ ಹಾಫ್ ವೇವ್ ಇದರ ತಮ್ಮ. ಅದೇ 20 ಮೀಟರ್ ತಂತಿ, ಕೋಆಕ್ಸ್ ಮಾತ್ರ ಒಂದು ತುದಿಯಲ್ಲಿ. 49:1 ಟ್ರಾನ್ಸ್‌ಫಾರ್ಮರ್ ಆ ತುದಿಯ ಸುಮಾರು 2450 ಓಮ್ ಅನ್ನು 50ಕ್ಕೆ ಇಳಿಸುತ್ತದೆ. ಕಿಟಕಿಯಿಂದ ಒಂದೇ ಮರಕ್ಕೆ ಎಳೆಯಬಹುದು ಅನ್ನುವುದು ಇದರ ಆಕರ್ಷಣೆ. ಗ್ರೌಂಡ್ ಬೇಡ ಅಂತ ಮಾರುವವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ತುದಿಯಲ್ಲಿ ಕರೆಂಟ್ ಕಡಿಮೆ, ಆದರೆ ಸೊನ್ನೆ ಅಲ್ಲ. ಆ ಕರೆಂಟಿಗೆ ಹಿಂದಿರುಗಲು ಒಂದು ದಾರಿ ಬೇಕು. ನೀವು ಕೊಡದಿದ್ದರೆ ಅದು ಕೋಆಕ್ಸ್‌ನ ಹೊರಮೈ ಹಿಡಿದು ಮನೆಯೊಳಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಬಳಿ ಎರಡು ಮೀಟರ್ ತಂತಿಯನ್ನು ಕೌಂಟರ್‌ಪಾಯ್ಸ್ ಆಗಿ, ಅಂದರೆ ಆ ಹಿಂದಿರುಗುವ ದಾರಿಯಾಗಿ, ಕಟ್ಟಿ. ಅಥವಾ ಟ್ರಾನ್ಸ್‌ಫಾರ್ಮರಿನಿಂದ ಎರಡು ಮೀಟರ್ ಕೋಆಕ್ಸ್ ಬಿಟ್ಟು ಅಲ್ಲಿ ಚೋಕ್ ಹಾಕಿ, ಆ ತುಂಡೇ ಕೌಂಟರ್‌ಪಾಯ್ಸ್ ಆಗುತ್ತದೆ. ನೂರು ವಾಟ್ ಹಾಕಿದರೆ ಟ್ರಾನ್ಸ್‌ಫಾರ್ಮರಿನ ತುದಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ. ಅದು ಕಿಟಕಿಯ ಸರಳಿನ ಪಕ್ಕ ಇರುವುದು ಬೇಡ, ಮಕ್ಕಳ ಕೈಗೆ ಎಟುಕುವಲ್ಲಂತೂ ಬೇಡವೇ ಬೇಡ.

9:1 ಟ್ರಾನ್ಸ್‌ಫಾರ್ಮರಿನ ರಾಂಡಮ್ ವೈರ್ (ಯಾವ ಬ್ಯಾಂಡಿನ ಲೆಕ್ಕಕ್ಕೂ ಕತ್ತರಿಸದ ತಂತಿ) ಬೇರೆ ಜಾತಿ. ಅದಕ್ಕೆ ಕೌಂಟರ್‌ಪಾಯ್ಸ್ ಚೆನ್ನಾಗಿಯೇ ಬೇಕು. ಜಾಗ ಇದ್ದರೆ ಅದರ ಸಹವಾಸಕ್ಕೆ ಹೋಗಬೇಡಿ ಅನ್ನುತ್ತೇನೆ.

2 ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಜ್, ಮಾತ್ರ ಬೇಕಾದವರು ಈ ಲೇಖನವನ್ನೇ ಮರೆಯಬಹುದು. ಸುಮಾರು ಅರ್ಧ ಮೀಟರಿನ ಐದು ಕಡ್ಡಿ, ನಾಲ್ಕನ್ನು 45 ಡಿಗ್ರಿ ಕೆಳಕ್ಕೆ ಬಗ್ಗಿಸಿ ಮೇಲಿಡಿ. ನೆಲದ ಮಣ್ಣಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಚೋಕ್: ಗ್ರೌಂಡ್ ಅಂತ ಹುಡುಕುವವರಿಗೆ ಬೇಕಿರುವುದು ಇದು

240 ಗಾತ್ರದ, 31 ಅಥವಾ 43 ಮಿಕ್ಸ್‌ನ (ಫೆರೈಟ್ ಬಗೆಯ ಸಂಖ್ಯೆ) ಫೆರೈಟ್ ರಿಂಗ್ ಒಂದು. ಅದರ ಮೇಲೆ ಆರ್‌ಜಿ-58 ಕೋಆಕ್ಸ್ ಹತ್ತರಿಂದ ಹನ್ನೆರಡು ಸುತ್ತು. ಕೋಆಕ್ಸ್ ಹೊರಮೈ ಮೇಲೆ ಬರುವ ಕರೆಂಟಿಗೆ ಇದು ಸಾವಿರಾರು ಓಮ್ ಗೋಡೆ ಕಟ್ಟುತ್ತದೆ, ಒಳಗಿನ ಸಿಗ್ನಲ್‌ಗೆ ಏನೂ ಆಗುವುದಿಲ್ಲ. ಡೈಪೋಲ್‌ಗೆ ನಡುವೆ ಒಂದು, ಸಾಧ್ಯವಾದರೆ ಮನೆಯೊಳಗೆ ಬರುವಲ್ಲಿ ಇನ್ನೊಂದು. ರಿಂಗ್ ಸಿಗದಿದ್ದರೆ ಕೋಆಕ್ಸನ್ನೇ ಪಿವಿಸಿ ಪೈಪಿನ ಮೇಲೆ ಸುತ್ತುವುದುಂಟು. ಅದು ಒಂದೆರಡು ಬ್ಯಾಂಡಿಗೆ ಮಾತ್ರ ಸರಿಬರುತ್ತದೆ.

ಟ್ರಾನ್ಸ್‌ಮಿಟ್‌ಗಿಂತ ಕೇಳುವುದರಲ್ಲಿ ಇದರ ಉಪಕಾರ ಜಾಸ್ತಿ. ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು, ಹಾಗಾಗಿ ಮನೆ ಮನೆಯಲ್ಲೂ ಇನ್ವರ್ಟರ್, ಎಲ್‌ಇಡಿ ಬಲ್ಬ್, ಸೋಲಾರ್ ಕಂಟ್ರೋಲರ್. ಅವುಗಳ ಗದ್ದಲ ಕೋಆಕ್ಸ್ ಹೊರಮೈ ಹಿಡಿದೇ ರಿಸೀವರಿಗೆ ಬರುತ್ತದೆ. ಚೋಕ್ ಹಾಕಿದ ಮೇಲೆ ಹಿನ್ನೆಲೆಯ ಗೊರಗೊರ ಇಳಿದರೆ ಮೊದಲು ಕೇಳದಿದ್ದ ಸ್ಟೇಷನ್‌ಗಳು ಕೇಳಿಸುತ್ತವೆ.

ಸೋಲಾರ್ ಬೇಲಿಯ ಟಕ್ ಟಕ್ ಬೇರೆ. ಸೆಕೆಂಡಿಗೊಮ್ಮೆ ಗಡಿಯಾರದ ಹಾಗೆ ಬರುತ್ತದೆ. ಬೇಲಿಯ ತಂತಿಗೆ ಗಿಡ ತಾಗಿ ಕಿಡಿ ಹಾರುತ್ತಿದ್ದರೆ ಇನ್ನೂ ಜೋರು. ಅದಕ್ಕೆ ಮದ್ದು ಬೇಲಿಯ ಬುಡ ಸವರುವುದು, ಸಡಿಲ ಜಾಯಿಂಟ್ ಬಿಗಿ ಮಾಡುವುದು. ಬೇಲಿಗೆ ಕರೆಂಟಿನ ಪಲ್ಸ್ ಕೊಡುವ ಎನರ್ಜೈಸರಿನ ಅರ್ಥ್ ರಾಡ್ ಪಕ್ಕದಲ್ಲೇ ಇದೆ ಅಂತ ರೇಡಿಯಲ್ ಅದಕ್ಕೆ ಜೋಡಿಸಬೇಡಿ. ಬೇಲಿಯ ಪಲ್ಸ್ ನೇರ ನಿಮ್ಮ ರಿಸೀವರಿಗೆ ಬರುತ್ತದೆ.

ನಮ್ಮ ಮಣ್ಣು, ನಮ್ಮ ಬೆಟ್ಟ

ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಸಾಧಾರಣ ಮಣ್ಣಿನದು ಅದರ ಸಾವಿರದಲ್ಲೊಂದು ಭಾಗ. ಮಂಗಳೂರಿನ ಬೀಚಿನಲ್ಲಿ ವರ್ಟಿಕಲ್ ಇಟ್ಟವರು ಯುರೋಪಿನ ಜೊತೆ ಸಲೀಸಾಗಿ ಮಾತಾಡುತ್ತಾರೆ ಅಂದರೆ ಕಾರಣ ಅದು. ಹಾರಂಗಿ ಹಿನ್ನೀರಿನ ದಡದಲ್ಲಿ ಅದೇ ಆಗುತ್ತದೆ ಅಂದುಕೊಳ್ಳಬೇಡಿ. ಸಿಹಿನೀರು ಆ ವಿಷಯದಲ್ಲಿ ಮಣ್ಣಿಗಿಂತ ಹೆಚ್ಚೇನಲ್ಲ.

ಕೊಡಗಿನಲ್ಲಿ ವರ್ಟಿಕಲ್ ಇಡುವವನಿಗೆ ಒಂದು ಇಕ್ಕಟ್ಟು ಇದೆ. ಒಳ್ಳೆಯ ನೆಲ ಇರುವುದು ಕೆಳಗೆ ಗದ್ದೆಯಲ್ಲಿ: ತೇವ, ಜೇಡಿ, ಸಮತಟ್ಟು. ಆದರೆ ಗದ್ದೆಯ ಸುತ್ತ ಬೆಟ್ಟ. ಒಳ್ಳೆಯ ದಿಗಂತ ಇರುವುದು ಮೇಲೆ ಬರೆಯಲ್ಲಿ, ಅಂದರೆ ಬೆಟ್ಟದ ಏರಿನಲ್ಲಿ. ಅಲ್ಲಿ ಜಂಬಿಟ್ಟಿಗೆ, ಕಲ್ಲು, ನೀರು ನಿಲ್ಲದ ಮಣ್ಣು. ಎರಡರಲ್ಲಿ ಒಂದು ಆರಿಸಬೇಕಾದರೆ ನಾನು ಮೇಲಕ್ಕೇ ಹೋಗುತ್ತೇನೆ. ಕೆಟ್ಟ ಮಣ್ಣಿನ ಬುಡದ ನಷ್ಟವನ್ನು ತಂತಿ ಹಾಕಿ ಕಡಿಮೆ ಮಾಡಬಹುದು. ಬೆಟ್ಟವನ್ನು ಸರಿಸಲಾಗುವುದಿಲ್ಲ. ಇಳಿಜಾರು ಯಾವ ಕಡೆಗೆ ಇಳಿಯುತ್ತದೋ ಆ ದಿಕ್ಕಿಗೆ ಕೆಳಕೋನದ ಸಿಗ್ನಲ್ ಚೆನ್ನಾಗಿ ಹೋಗುತ್ತದೆ ಅನ್ನುವುದೂ ಲಾಭವೇ. ವಾಯುವ್ಯಕ್ಕೆ ಇಳಿಯುವ ಬರೆ ಇದ್ದವರು ಯುರೋಪಿನ ಕಡೆ ಅದೃಷ್ಟವಂತರು.

ಗದ್ದೆಯ ತೇವವೂ ವರ್ಷಪೂರ್ತಿ ಇರುವುದಿಲ್ಲ. ಹುತ್ತರಿ ಕಳೆದು ಕೊಯ್ಲು ಮುಗಿದರೆ ನೆಲ ಬಿರುಕು ಬಿಡುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ, ಆದರೆ ಫೆಬ್ರವರಿಯಲ್ಲಿ ಎರಡೂ ಕಡೆ ಮೇಲ್ಮಣ್ಣು ಒಣ. ನೆಲದ ಮೇಲಿನ ರೇಡಿಯಲ್ ಕಡಿಮೆ ಇದ್ದಷ್ಟೂ ಈ ಏರಿಳಿತ ಜಾಸ್ತಿ ಕಾಣುತ್ತದೆ. ಎತ್ತರಿಸಿದ ರೇಡಿಯಲ್‌ನಲ್ಲಿ ಕಡಿಮೆ.

ಯಾರಿಗೆ ಯಾವುದು

ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ ಕಡೆ ತೋಟದ ಮನೆ ಇದ್ದವರಿಗೆ ಮರಕ್ಕೆ ಬರ ಇಲ್ಲ. 40 ಮೀಟರ್ ಡೈಪೋಲ್ ಮೊದಲು, ದೂರದ ದೇಶಗಳ ಹುಚ್ಚು ಹಿಡಿದ ಮೇಲೆ ಎತ್ತರಿಸಿದ ರೇಡಿಯಲ್‌ನ ವರ್ಟಿಕಲ್.

ಕುಶಾಲನಗರದ ಬಡಾವಣೆಯ 30x40 ಸೈಟಿನವರಿಗೆ ಲೆಕ್ಕ ಬೇರೆ. ಮೂಲೆಯಿಂದ ಮೂಲೆಗೆ 50 ಅಡಿ, ಅಂದರೆ 15 ಮೀಟರ್. 20 ಮೀಟರ್ ಬ್ಯಾಂಡಿನ ಡೈಪೋಲ್ ಹತ್ತು ಮೀಟರ್, ಆರಾಮಾಗಿ ಕೂರುತ್ತದೆ. 40 ಮೀಟರಿನದು ನೇರ ಕೂರುವುದಿಲ್ಲ. ನಡುವೆ ಪೈಪ್ ನಿಲ್ಲಿಸಿ ತಲೆಕೆಳಗಾದ ವಿ ಮಾಡಿ, ಉಳಿದ ತುದಿಯನ್ನು ಕೆಳಕ್ಕೆ ಬಗ್ಗಿಸಿ. ಟೆರೇಸ್ ಮೇಲೆ ವರ್ಟಿಕಲ್ ಇಡುವವರು ಪ್ಯಾರಪೆಟ್ ಗುಂಟ ಸುತ್ತಿ ರೇಡಿಯಲ್ ಹಾಕಬಹುದು, ಬಗ್ಗಿದರೂ ಕೆಲಸ ಮಾಡುತ್ತವೆ. ಅಲ್ಲಿಂದ ಕೆಳಗಿನ ಅರ್ಥ್ ಪಿಟ್‌ಗೆ ತಂತಿ ಇಳಿಸುವುದು ಸಿಡಿಲಿಗೆ, ಆರ್‌ಎಫ್‌ಗೆ ಅಲ್ಲ.

ಶೀಟ್ ಹೊದೆಸಿದ ಮನೆ ಇದ್ದರೆ ಮೇಲೆ ಒಂದು ದೊಡ್ಡ ಲೋಹದ ಹಾಳೆ ಪುಕ್ಕಟೆ ಸಿಕ್ಕಿದೆ ಅಂತ ಲೆಕ್ಕ. ಬಣ್ಣ ಕೆರೆದು ಶೀಟಿಂದ ಶೀಟಿಗೆ ತಂತಿ ಬಿಗಿದರೆ ವರ್ಟಿಕಲ್‌ಗೆ ಒಳ್ಳೆಯ ಕೌಂಟರ್‌ಪಾಯ್ಸ್. ಹಾಗೇ ಬಿಟ್ಟರೆ ತುಕ್ಕು ಹಿಡಿದ ಜಾಯಿಂಟ್‌ಗಳು ಡಯೋಡಿನಂತೆ ವರ್ತಿಸಿ ಪಕ್ಕದ ಮನೆಯ ಟಿವಿಗೂ ನಿಮ್ಮ ರಿಸೀವರಿಗೂ ಕಾಟ ಕೊಡುತ್ತವೆ. ಹಂಚಿನ ಮನೆಯವರಿಗೆ ಈ ಭಾಗ್ಯವೂ ಇಲ್ಲ, ತೊಂದರೆಯೂ ಇಲ್ಲ.

ಮಡಿಕೇರಿಯ ಬಾಡಿಗೆ ಮನೆ, ಮೊದಲ ಮಹಡಿ, ಮಾಲೀಕರು ಗುಂಡಿ ತೆಗೆಯಲು ಬಿಡುವುದಿಲ್ಲ ಅನ್ನುವವರು ಎಂಡ್ ಫೆಡ್ ಹಾಕಿ, ಕೌಂಟರ್‌ಪಾಯ್ಸ್ ಕಟ್ಟಿ, ಎರಡು ಚೋಕ್ ಹಾಕಿ. ಆರ್ಟಿಫಿಷಿಯಲ್ ಗ್ರೌಂಡ್ ಅಂತ ಒಂದು ಟ್ಯೂನರ್ ಡಬ್ಬಿ ಸಿಗುತ್ತದೆ, ನೆಲಕ್ಕಿಳಿಯುವ ತಂತಿಯ ಇಂಡಕ್ಟೆನ್ಸನ್ನು ಅದು ಟ್ಯೂನ್ ಮಾಡಿ ಅಳಿಸುತ್ತದೆ. ಕೆಲಸ ಮಾಡುತ್ತದೆ. ಬ್ಯಾಂಡ್ ಬದಲಿಸಿದಾಗಲೆಲ್ಲಾ ತಿರುಗಿಸಬೇಕು. ಚೋಕ್ ಹಾಕಿದವನಿಗೆ ಅದು ಬೇಕಾಗುವುದು ಅಪರೂಪ.

ಸಿಡಿಲು

ಜೂನ್-ಜುಲೈ ಜಡಿಮಳೆಯಲ್ಲಿ ಸಿಡಿಲು ಕಡಿಮೆ. ಭಯ ಇರುವುದು ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮತ್ತು ತುಲಾ ಸಂಕ್ರಮಣದ ಆಸುಪಾಸಿನ ಮಳೆಗೆ. ಬರೆಯ ಮೇಲೆ ಆಂಟೆನಾ ನಿಲ್ಲಿಸಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಲ್ಲಿ ಗುಂಡಿ, ರಾಡ್ ಎಲ್ಲಾ ಬೇಕು. ಕೋಆಕ್ಸ್ ಮನೆಯೊಳಗೆ ಬರುವ ಮೊದಲು ಹೊರಗೋಡೆಯಲ್ಲಿ ಒಂದು ತಾಮ್ರದ ಪಟ್ಟಿ, ಅದರ ಮೇಲೆ ಅರೆಸ್ಟರ್ (ಸಿಡಿಲಿನ ಕರೆಂಟನ್ನು ನೆಲಕ್ಕೆ ತಿರುಗಿಸುವ ಸಾಧನ), ಅಲ್ಲಿಂದ ನೇರ ಕೆಳಗಿನ ರಾಡ್‌ಗೆ ದಪ್ಪ ತಂತಿ ಅಥವಾ ಪಟ್ಟಿ. ತಿರುವು ಕಡಿಮೆ ಇರಲಿ, ಚೂಪಾದ ಮೂಲೆ ಬೇಡ. ಎರಡು ರಾಡ್ ಹೊಡೆಸಿದರೆ ಅವುಗಳ ನಡುವೆ ಕನಿಷ್ಠ ಒಂದು ರಾಡ್ ಉದ್ದದಷ್ಟು ಅಂತರ ಇರಲಿ. ಮುಖ್ಯವಾದದ್ದು, ಈ ರಾಡನ್ನು ಮನೆಯ ಅರ್ಥ್ ಪಿಟ್‌ಗೆ ದಪ್ಪ ತಂತಿಯಿಂದ ಜೋಡಿಸಲೇಬೇಕು. ಬೇರೆ ಬೇರೆ ಬಿಟ್ಟರೆ ಸಿಡಿಲು ಬಡಿದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ, ಅದು ಹಾದುಹೋಗುವ ದಾರಿ ನಿಮ್ಮ ರೇಡಿಯೋ. ರೇಡಿಯೋಗೆ ಅಂತ ಪ್ರತ್ಯೇಕ ಅರ್ಥಿಂಗ್ ಮಾಡಿಸಿ ಯಾವುದಕ್ಕೂ ಜೋಡಿಸಬೇಡಿ ಅನ್ನುವ ಸಲಹೆ ಈಗಲೂ ಕೇಳಿಬರುತ್ತದೆ. ಅಪಾಯಕಾರಿ ಸಲಹೆ. ಅರ್ಥಿಂಗ್‌ಗೆ ಐಎಸ್ 3043, ಸಿಡಿಲಿಗೆ ಐಎಸ್/ಐಇಸಿ 62305 ಅನ್ನುವ ಮಾನದಂಡಗಳಿವೆ. ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಈ ಹೆಸರು ಹೇಳಿದರೆ ಸಾಕು.

ಇಷ್ಟೆಲ್ಲಾ ಇದ್ದರೂ ಗುಡುಗು ಕೇಳುವ ಮೊದಲೇ ಕೋಆಕ್ಸ್ ಬಿಚ್ಚಿ ಹೊರಗೆ ಹಾಕುವುದೇ ಒಳ್ಳೆಯದು. ಪವರ್ ಸಪ್ಲೈ ಪ್ಲಗ್ ಕೂಡ ಕೀಳಿ. ಬಿಚ್ಚಿದ ಕೋಆಕ್ಸನ್ನು ಮೇಜಿನ ಕೆಳಗೆ ಸುತ್ತಿಟ್ಟರೆ ಏನೂ ಉಪಯೋಗ ಇಲ್ಲ.

ಸುಧಾರಿಸಿತೋ ಇಲ್ಲವೋ ತಿಳಿಯುವುದು ಹೇಗೆ

ಎಸ್‌ಡಬ್ಲ್ಯುಆರ್ ಒಂದನ್ನೇ ನೋಡಬೇಡಿ. ಆಂಟೆನಾ ಅನಲೈಸರ್ (ಆಂಟೆನಾ ಅಳೆಯುವ ಮೀಟರ್) ಇದ್ದರೆ ರೆಸೊನೆನ್ಸ್‌ನಲ್ಲಿ, ಅಂದರೆ ಆಂಟೆನಾ ಟ್ಯೂನ್ ಆಗಿರುವ ಫ್ರೀಕ್ವೆನ್ಸಿಯಲ್ಲಿ, ರೆಸಿಸ್ಟೆನ್ಸ್ ಎಷ್ಟು ಅಂತ ಬರೆದುಕೊಳ್ಳಿ, ನಾಲ್ಕು ರೇಡಿಯಲ್ ಸೇರಿಸಿ, ಮತ್ತೆ ಬರೆದುಕೊಳ್ಳಿ. ಕಾಲು ತರಂಗದ ವರ್ಟಿಕಲ್‌ನಲ್ಲಿ ಆ ಸಂಖ್ಯೆ ಇಳಿಯುತ್ತಾ 36ರ ಕಡೆ ಬರಬೇಕು. ಇಳಿಯುವುದು ನಿಂತ ದಿನ ತಂತಿ ಹಾಕುವುದನ್ನೂ ನಿಲ್ಲಿಸಿ. ಎಸ್‌ಡಬ್ಲ್ಯುಆರ್ ಕಡಿಮೆ ಇರುವ ಪಟ್ಟಿ ಮೊದಲಿಗಿಂತ ಕಿರಿದಾದರೆ ಅದೂ ಒಳ್ಳೆಯ ಲಕ್ಷಣ, ನಷ್ಟ ಕಡಿಮೆಯಾಗಿದೆ ಅಂತ ಅರ್ಥ.

ಡೈಪೋಲ್, ವರ್ಟಿಕಲ್ ಎರಡೂ ಇದ್ದವರು ಸ್ವಿಚ್ ಹಾಕಿ ಒಂದೇ ಸ್ಟೇಷನ್ನನ್ನು ಎರಡರಲ್ಲೂ ಕೇಳಿ. ಹಗಲಲ್ಲಿ ಮೈಸೂರಿನವರು ಡೈಪೋಲ್‌ನಲ್ಲಿ ಜೋರಾಗಿ, ರಾತ್ರಿ ಯುರೋಪಿನವರು ವರ್ಟಿಕಲ್‌ನಲ್ಲಿ ಜೋರಾಗಿ ಬಂದರೆ ಎರಡೂ ಸರಿಯಾಗಿ ಕೆಲಸ ಮಾಡುತ್ತಿವೆ. ರಾತ್ರಿಯೂ ಡೈಪೋಲೇ ಗೆಲ್ಲುತ್ತಿದ್ದರೆ ರೇಡಿಯಲ್ ಎಲ್ಲೋ ತುಂಡಾಗಿದೆ, ಇಲ್ಲವೇ ಎದುರಿಗೆ ಬೆಟ್ಟ ಇದೆ. ಈ ಅಳತೆಯನ್ನು ಫೆಬ್ರವರಿಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಮಾಡಿ. ಅಕ್ಟೋಬರಿನಲ್ಲಿ ಕನೆಕ್ಟರ್ ಬಿಚ್ಚಿ ಒಳಗೆ ನೀರು ಹೋಗಿದೆಯಾ ಅಂತಲೂ ನೋಡಿ. ಕೋಆಕ್ಸ್‌ನ ಹೆಣಿಗೆ ಕಪ್ಪಾಗಿದ್ದರೆ ಅಷ್ಟು ಉದ್ದ ಕತ್ತರಿಸಿ ಹೊಸ ಕನೆಕ್ಟರ್ ಬೆಸೆದು, ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್ (ತನಗೆ ತಾನೇ ಅಂಟಿ ನೀರು ತಡೆಯುವ ಟೇಪ್) ಸುತ್ತಿದ ಮೇಲೆಯೇ ರೇಡಿಯಲ್ ಬಗ್ಗೆ ಅನುಮಾನ ಪಡಿ.